ಮೊದಲ ಅಕ್ಷರ ನುಂಗದ ವೈರು

ರೆಕಾರ್ಡಿಂಗ್ ಶುರು ಮಾಡುವ ಮೊದಲು ಮೈಕಿನ ಮೇಲೆ ಉಗುರಿನಿಂದ ಒಮ್ಮೆ ಗೀರುತ್ತೇನೆ. ಆಮೇಲೆ ಫೋನಿನ ಮೇಲೂ ಗೀರುತ್ತೇನೆ. ಐದು ಸೆಕೆಂಡ್ ರೆಕಾರ್ಡ್ ಮಾಡಿ ಕೇಳುತ್ತೇನೆ. ಮೈಕ್ ಗೀರಿದ ಸದ್ದು ಜೋರಾಗಿ, ಫೋನ್ ಗೀರಿದ ಸದ್ದು ದೂರದಲ್ಲಿ ಕೇಳಿದರೆ ಎಲ್ಲ ಸರಿ ಇದೆ ಅಂತ ಅರ್ಥ. ಉಲ್ಟಾ ಇದ್ದರೆ ಪಿನ್ ಸರಿಯಾಗಿ ಕೂತಿಲ್ಲ, ಫೋನು ತನ್ನ ಒಳಗಿನ ಮೈಕಿನಲ್ಲೇ ರೆಕಾರ್ಡ್ ಮಾಡುತ್ತಿದೆ. ಈ ಪಾಠ ಕಲಿಯುವುದಕ್ಕೆ ನಾನು ನಲವತ್ತು ನಿಮಿಷ ಓದಿದ ಒಂದು ಇಡೀ ಅಧ್ಯಾಯವನ್ನು ಕಳೆದುಕೊಂಡಿದ್ದೇನೆ.

ನಾನು ಮೈಸೂರಿನಲ್ಲಿ ಹೈಸ್ಕೂಲ್ ವಿಜ್ಞಾನ ಟೀಚರ್. 2017ರಿಂದ ಶಾಲೆ ಮುಗಿದ ಮೇಲೆ ಇನ್ನೊಂದು ಕೆಲಸ ಮಾಡುತ್ತಿದ್ದೇನೆ. ಕಣ್ಣು ಕಾಣದ ಮಕ್ಕಳಿಗೆ ಪಾಠ, ನೋಟ್ಸು, ಹಳೇ ಪ್ರಶ್ನೆಪತ್ರಿಕೆ ಇವನ್ನೆಲ್ಲ ಓದಿ ರೆಕಾರ್ಡ್ ಮಾಡಿ ಕಳಿಸುವುದು. ಸಂಬಳದ ಕೆಲಸ ಅಲ್ಲ, ಆದರೆ ನನಗೆ ತುಂಬ ಮುಖ್ಯವಾದ ಕೆಲಸ. ಬ್ರೈಲ್ ಪುಸ್ತಕ ಇರುತ್ತದೆ, ಸರಿ. ಆದರೆ ಪರೀಕ್ಷೆ ಹತ್ತಿರ ಬಂದಾಗ ಪಕ್ಕದ ಬೆಂಚಿನ ಹುಡುಗಿ ಜೆರಾಕ್ಸ್ ಮಾಡಿಸಿಕೊಂಡ ನೋಟ್ಸು ಬ್ರೈಲ್‌ನಲ್ಲಿ ಎಲ್ಲಿಂದ ಬರಬೇಕು? ಅದನ್ನು ಯಾರಾದರೂ ಓದಿಯೇ ಕೊಡಬೇಕು.

"ಈ ಕಾಲದಲ್ಲೂ ವೈರ್ ಇಯರ್‌ಫೋನ್ ಯಾರು ಮೇಡಂ ಬಳಸ್ತಾರೆ?" ಅಂತ ನಮ್ಮ ಸ್ಟಾಫ್ ರೂಮಿನಲ್ಲಿ ಆಗಾಗ ಕೇಳುತ್ತಾರೆ. ನಾನು ಬಳಸುತ್ತೇನೆ. ಮಧ್ಯದಲ್ಲಿ ಒಂದು ವರ್ಷ ಬಿಟ್ಟಿದ್ದೆ. ಬಿಟ್ಟಾಗ ಏನಾಯಿತು, ಮತ್ತೆ ಹೇಗೆ ವಾಪಸ್ ಬಂದೆ ಅಂತ ಬರೆಯುತ್ತೇನೆ. ದನಿಯ ಕೆಲಸ ಮಾಡುವವರಿಗೆ ಉಪಯೋಗಕ್ಕೆ ಬರಬಹುದು.

ಮೊದಲು ನನ್ನ ಸ್ಟುಡಿಯೋ ಬಗ್ಗೆ. ಬಟ್ಟೆ ಬೀರು ಇರುವ ಸಣ್ಣ ಕೋಣೆ. ಬೀರುವಿನ ಬಾಗಿಲು ತೆಗೆದು ಸೀರೆಗಳ ಕಡೆ ಮುಖ ಮಾಡಿ ಕೂರುತ್ತೇನೆ. ಸೀರೆಗಳು ದನಿ ಹೀರಿಕೊಳ್ಳುತ್ತವೆ, ಗೋಡೆಗೆ ಬಡಿದು ವಾಪಸ್ ಬರುವುದಿಲ್ಲ. ಬೆನ್ನ ಹಿಂದೆ ಒಂದು ರಗ್ಗು ನೇತು ಹಾಕುತ್ತೇನೆ. ಫ್ಯಾನ್ ಆಫ್. ಬೇಸಿಗೆಯಲ್ಲಿ ಅರ್ಧ ಗಂಟೆಗಿಂತ ಜಾಸ್ತಿ ಕೂರಲು ಆಗುವುದಿಲ್ಲ.

ಮೈಕು ಬೋಯಾ ಬಿವೈ-ಎಂ1. ಯೂಟ್ಯೂಬ್ ಮಾಡುವವರ ಕಾಲರ್‌ನಲ್ಲಿ ನೋಡಿರುತ್ತೀರಿ. ಕ್ಲಿಪ್ ಹಾಕಿಕೊಳ್ಳುವ ಸಣ್ಣ ಮೈಕು, 6 ಮೀಟರ್ ವೈರು. ಅದರ ಪಿನ್ ನೋಡಿದರೆ ಮೂರು ಕಪ್ಪು ಗೆರೆ ಇರುತ್ತದೆ. ಆ ಗೆರೆಗಳು ಪಿನ್ನನ್ನು ನಾಲ್ಕು ಭಾಗ ಮಾಡುತ್ತವೆ. ತುದಿ ಎಡಕಿವಿಗೆ, ಅದರ ಮುಂದಿನದು ಬಲಕಿವಿಗೆ, ಮೂರನೆಯದು ಗ್ರೌಂಡ್, ಅಂದರೆ ಎಲ್ಲಕ್ಕೂ ಸೇರಿದ ವಾಪಸ್ ದಾರಿ, ಬುಡದಲ್ಲಿರುವುದು ಮೈಕಿಗೆ. ಎರಡೇ ಗೆರೆ ಇರುವ ಕ್ಯಾಮೆರಾ ಮೈಕ್ ತಂದು ಫೋನಿಗೆ ಚುಚ್ಚಿದರೆ ಫೋನಿಗೆ ಅದು ಮೈಕ್ ಅಂತ ಗೊತ್ತೇ ಆಗುವುದಿಲ್ಲ. ಏನೂ ಹೇಳದೆ ತನ್ನ ಪಾಡಿಗೆ ಒಳಗಿನ ಮೈಕಿನಲ್ಲಿ ರೆಕಾರ್ಡ್ ಮಾಡುತ್ತಾ ಹೋಗುತ್ತದೆ. ನಾನು ಕಳೆದುಕೊಂಡ ಆ ನಲವತ್ತು ನಿಮಿಷ ಹೀಗೇ ಹೋಗಿದ್ದು. ಬೋಯಾದಲ್ಲಿ ಇನ್ನೊಂದು ವಿಷಯ: ಅದರ ಮೇಲಿರುವ ಸ್ವಿಚ್ಚು ಫೋನಿಗೆ ಹಾಕುವಾಗ ಸ್ಮಾರ್ಟ್‌ಫೋನ್ ಕಡೆಗೇ ಇರಬೇಕು. ಕ್ಯಾಮೆರಾ ಕಡೆಗೆ ಅಲ್ಲ.

ಫೋನಿನಲ್ಲಿ ಪಿನ್ ಚುಚ್ಚುವ ತೂತು, ಅಂದರೆ ಜಾಕ್, ಒಂದೇ ಇರುವುದರಿಂದ ಓದುವಾಗ ಮೈಕು, ಓದಿದ್ದನ್ನು ಕೇಳಿ ಕಟ್ ಮಾಡುವಾಗ ಇಯರ್‌ಫೋನು. ಎರಡೂ ಒಟ್ಟಿಗೆ ಬೇಕು ಅನ್ನುವವರಿಗೆ ಸ್ಪ್ಲಿಟರ್ ಸಿಗುತ್ತದೆ. ನನಗೆ ಅದರ ಅಗತ್ಯ ಬೀಳಲಿಲ್ಲ. ನಾಲ್ಕು ವರ್ಷ ಹೀಗೇ ನಡೆಯಿತು.

2021ರಲ್ಲಿ ಹಳೇ ಫೋನ್ ಕೈಕೊಟ್ಟಿತು. ಆನ್‌ಲೈನ್ ಕ್ಲಾಸಿನ ಕಾಲ, ಫೋನ್ ಇಲ್ಲದೆ ಒಂದು ದಿನವೂ ಆಗುತ್ತಿರಲಿಲ್ಲ. ಅವಸರದಲ್ಲಿ ಕ್ಯಾಮೆರಾ, ಬ್ಯಾಟರಿ, ಬೆಲೆ ಇಷ್ಟು ನೋಡಿ ತಗೊಂಡೆ. ರಾತ್ರಿ ಮನೆಯಲ್ಲಿ ಮೈಕ್ ಪಿನ್ ಕೈಯಲ್ಲಿ ಹಿಡಿದು ಫೋನನ್ನು ತಿರುಗಿಸಿ ತಿರುಗಿಸಿ ನೋಡಿದೆ. ಮೇಲೆ ಇಲ್ಲ, ಕೆಳಗೆ ಇಲ್ಲ. ಚಾರ್ಜರ್ ಹಾಕುವ ಸಿ ಪಿನ್ ತೂತು ಒಂದೇ. ಇಷ್ಟು ವರ್ಷದಿಂದ ಎಲ್ಲ ಫೋನಿನಲ್ಲೂ ಇದ್ದ ವಸ್ತು, ಇದೆಯೋ ಇಲ್ಲವೋ ಅಂತ ಕೇಳಬೇಕು ಅಂತಲೇ ಹೊಳೆದಿರಲಿಲ್ಲ.

ಅಂಗಡಿಗೆ ಫೋನ್ ಮಾಡಿದರೆ, "ಈಗೆಲ್ಲ ಬಡ್ಸ್ ಮೇಡಂ, ಹಾಕ್ಕೊಂಡು ನೋಡಿ, ಮತ್ತೆ ವೈರ್ ಮುಟ್ಟಲ್ಲ ನೀವು" ಅಂದರು. ತಗೊಂಡೆ. ಮೊದಲ ವಾರ ನಿಜಕ್ಕೂ ಖುಷಿಯಾಯಿತು. ಅಡುಗೆ ಮಾಡುತ್ತಾ, ಬಟ್ಟೆ ಒಣಗಿಸುತ್ತಾ ರೆಕಾರ್ಡಿಂಗ್ ಕೇಳಿ ತಪ್ಪು ಗುರುತು ಮಾಡಿಕೊಳ್ಳಬಹುದಿತ್ತು. ಒಗ್ಗರಣೆ ಹಾಕುವಾಗ ವೈರು ಬಾಣಲೆಗೆ ತಾಗುವ ಭಯ ಇರಲಿಲ್ಲ.

ಕಟ್ ಮಾಡಲು ಕೂತಾಗ ಏನೋ ಸರಿ ಇಲ್ಲ ಅನ್ನಿಸಲು ಶುರುವಾಯಿತು. ಕೆಮ್ಮು ಮುಗಿದ ಕೂಡಲೇ ನಿಲ್ಲಿಸಿದರೆ, ಪರದೆಯ ಮೇಲೆ ಗೆರೆ ಮುಂದಿನ ಪದದ ಒಳಗೆ ನಿಂತಿರುತ್ತಿತ್ತು. ನನ್ನ ಕೈ ನಿಧಾನವಾಯಿತೇನೋ ಅಂದುಕೊಂಡೆ.

ಕಾರಣ ಆಮೇಲೆ ತಿಳಿಯಿತು. ಬ್ಲೂಟೂತ್‌ನಲ್ಲಿ ಫೋನು ದನಿಯನ್ನು ಮೊದಲು ಕುಗ್ಗಿಸಿ ಸಣ್ಣದು ಮಾಡಬೇಕು, ಗಾಳಿಯಲ್ಲಿ ಕಳಿಸಬೇಕು. ಬಡ್ಸು ಅದನ್ನು ಸ್ವಲ್ಪ ಕೂಡಿಟ್ಟುಕೊಂಡು, ಬಿಚ್ಚಿ, ಆಮೇಲೆ ಕಿವಿಗೆ ಕೊಡಬೇಕು. ಮಾಮೂಲಿ ಬಡ್ಸ್‌ನಲ್ಲಿ ಇದಕ್ಕೆಲ್ಲ ಸುಮಾರು 200 ಮಿಲಿಸೆಕೆಂಡ್ ಹಿಡಿಯುತ್ತದೆ. ಅಂದರೆ ಸೆಕೆಂಡಿನ ಐದನೇ ಒಂದು ಭಾಗ. ಸಿನಿಮಾ ನೋಡುವಾಗ ಇದು ಗೊತ್ತಾಗುವುದಿಲ್ಲ, ಯಾಕೆಂದರೆ ವಿಡಿಯೋ ಆಪ್ ಚಿತ್ರವನ್ನೂ ಅಷ್ಟೇ ತಡ ಮಾಡಿ ತೋರಿಸಿ ಹೊಂದಿಸಿಬಿಡುತ್ತದೆ. ನನ್ನ ಎಡಿಟಿಂಗ್ ಆಪ್ ಹಾಗೆ ಹೊಂದಿಸುತ್ತಿರಲಿಲ್ಲ. ನಾನು ಪಾಠ ಓದುವುದು ಸೆಕೆಂಡಿಗೆ ಐದು ಅಕ್ಷರದ ಲೆಕ್ಕದಲ್ಲಿ. ಹಾಗಾದರೆ 200 ಮಿಲಿಸೆಕೆಂಡ್ ಅಂದರೆ ಎಷ್ಟು? ಸರಿಯಾಗಿ ಒಂದು ಅಕ್ಷರ.

ಆ ಒಂದು ಅಕ್ಷರ ಎಲ್ಲಿ ಹೋಯಿತು ಅಂತ ಹೇಳಿದ್ದು ನನ್ನ ಒಬ್ಬ ಶಿಷ್ಯ. ಹಾಸನದ ಕಡೆಯ ಹುಡುಗ, ಆಗ ಎಸ್ಸೆಸ್ಸೆಲ್ಸಿ. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಒಂದು ಭಾನುವಾರ ಬೆಳಿಗ್ಗೆ ಫೋನ್ ಮಾಡಿದ.

"ಮಿಸ್, ಲೋಹಗಳು ಕರೆಂಟ್ ಹರಿಯೋಕೆ ಬಿಡಲ್ಲ ಅಂತ ಹೇಳಿದೀರ. ಹಿಂದಿನ ಪಾಠದಲ್ಲಿ ತಾಮ್ರದ ವೈರಲ್ಲಿ ಕರೆಂಟ್ ಹರಿಯುತ್ತೆ ಅಂದಿದ್ರಿ. ಯಾವ್ದು ಬರ್ಕೊಳ್ಲಿ?"

ನನಗೆ ಕೈಕಾಲು ತಣ್ಣಗಾಯಿತು. ಫೈಲ್ ತೆಗೆದು ಕೇಳಿದೆ. 'ಲೋಹಗಳು ಮತ್ತು ಅಲೋಹಗಳು' ಪಾಠ. ನಾನು ಓದಿದ್ದು 'ಅಲೋಹಗಳು ಸಾಮಾನ್ಯವಾಗಿ ವಿದ್ಯುತ್ತನ್ನು ಹರಿಯಗೊಡುವುದಿಲ್ಲ' ಅಂತಲೇ. ಆದರೆ ಆ ವಾಕ್ಯದ ಮೊದಲು ಕೆಮ್ಮಿದ್ದೆ. ಕೆಮ್ಮು ಕಟ್ ಮಾಡಿದಾಗ ಅದರ ಜೊತೆಗೆ 'ಅ' ಕೂಡ ಹೋಗಿದೆ. ಮಗುವಿನ ಕಿವಿಗೆ ತಲುಪಿದ್ದು 'ಲೋಹಗಳು ಸಾಮಾನ್ಯವಾಗಿ ವಿದ್ಯುತ್ತನ್ನು ಹರಿಯಗೊಡುವುದಿಲ್ಲ.'

ಮತ್ತೆ ಕೇಳಿ ನೋಡಿಯೇ ಕಳಿಸಿದ್ದೆನಲ್ಲ, ಆಗ ಯಾಕೆ ಗೊತ್ತಾಗಲಿಲ್ಲ? ಅದನ್ನೂ ಅವನೇ ಬಿಡಿಸಿ ಹೇಳಿದ. "ಮಿಸ್, ನೀವು ಬ್ಲೂಟೂತ್ ಹಾಕ್ಕೊಂಡು ಕೇಳ್ತೀರಾ?" ಅಂತ ಕೇಳಿದ. ಹೌದು ಅಂದೆ. "ಅದು ಮೊದಲ್ನೇ ಅಕ್ಷರ ನುಂಗುತ್ತೆ ಮಿಸ್. ನನ್ ಫೋನಲ್ಲೂ ಹಂಗೇ ಆಗ್ತಿತ್ತು." ಕಟ್ ಮಾಡಿದ ಜಾಗದಿಂದ ಹಾಕಿ ಕೇಳುವಾಗ ಮೊದಲ ಅಕ್ಷರ ಹೇಗೂ ಕೇಳುತ್ತಿರಲಿಲ್ಲ, ಹಾಗಾಗಿ ನಿಜವಾಗಿ ಹೋದದ್ದೂ ಗೊತ್ತಾಗಿರಲಿಲ್ಲ.

ಅವನ ಫೋನಿನಲ್ಲಿ ಟಾಕ್‌ಬ್ಯಾಕ್ ಇದೆ. ಬೆರಳು ಎಲ್ಲಿ ಇಟ್ಟರೆ ಅಲ್ಲಿರುವ ಬಟನ್ನಿನ ಹೆಸರನ್ನು ಫೋನು ಓದಿ ಹೇಳುತ್ತದೆ. ಅವನು ಕನ್ನಡದಲ್ಲಿ ಇಟ್ಟುಕೊಂಡಿದ್ದಾನೆ. ಮಾತು ನಿಂತು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಎಷ್ಟೋ ಬಡ್ಸು, ನೆಕ್‌ಬ್ಯಾಂಡ್‌ಗಳು ಬ್ಯಾಟರಿ ಉಳಿಸಲು ದನಿಯ ದಾರಿಯನ್ನು ಮುಚ್ಚಿಕೊಂಡಿರುತ್ತವೆ. ಮುಂದಿನ ಮಾತು ಬಂದಾಗ ಎದ್ದು ಬಾಗಿಲು ತೆಗೆಯುವಷ್ಟರಲ್ಲಿ ಮೊದಲ ಚೂರು ಹೊರಗೇ ಉಳಿದುಹೋಗುತ್ತದೆ. ಹಾಡಿನಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಕನ್ನಡದ ಫೋನಿನಲ್ಲಿ ಎರಡು ಬಟನ್ ಇವೆ. ಒಂದು 'ಅಳಿಸಿ', ಇನ್ನೊಂದು 'ಉಳಿಸಿ'. ಮೊದಲ ಅಕ್ಷರ ಹೋದರೆ ಎರಡೂ 'ಳಿಸಿ'.

ಆ ಹುಡುಗ ಒಮ್ಮೆ ತನ್ನ ಇಡೀ ಸಮಾಜ ವಿಜ್ಞಾನದ ನೋಟ್ಸನ್ನು ಹಾಗೆ ಅಳಿಸಿಬಿಟ್ಟಿದ್ದನಂತೆ. ಅವತ್ತಿನಿಂದ ನೆಕ್‌ಬ್ಯಾಂಡ್ ತಮ್ಮನಿಗೆ ಕೊಟ್ಟು ವೈರ್ ಇಯರ್‌ಫೋನಿಗೆ ಬಂದಿದ್ದಾನೆ.

ಅವನು ಅವತ್ತು ಇನ್ನೂ ಒಂದೆರಡು ವಿಷಯ ಹೇಳಿದ. ಕಣ್ಣಿರುವ ನನಗೆ ಯಾವತ್ತೂ ಹೊಳೆಯದಿದ್ದವು. ಬಡ್ಸ್ ಕೆಳಗೆ ಬಿದ್ದರೆ ಅವನು ನೆಲವನ್ನೆಲ್ಲ ಕೈಯಲ್ಲಿ ಸವರಿ ಹುಡುಕಬೇಕು. ಬಸ್ಸಿನಲ್ಲಿ ಬಿದ್ದರೆ ಮುಗಿಯಿತು. ವೈರಿನದು ಕಿವಿಯಿಂದ ಜಾರಿದರೆ ಎದೆಯ ಮೇಲೇ ನೇತಾಡುತ್ತಿರುತ್ತದೆ, ವೈರು ಹಿಡಿದು ಮೇಲೆ ಬಂದರೆ ಸಿಗುತ್ತದೆ. ರಸ್ತೆಯಲ್ಲಿ ಒಂದು ಕಿವಿಗೆ ಮಾತ್ರ ಹಾಕುತ್ತಾನೆ, ಇನ್ನೊಂದು ಕಿವಿ ಗಾಡಿಗಳಿಗೆ ಬೇಕು. ಅದಕ್ಕೆ ಫೋನಿನ ಪ್ರವೇಶಿಸುವಿಕೆ ಸೆಟ್ಟಿಂಗ್‌ನಲ್ಲಿ ಮೊನೊ ಆಡಿಯೋ ಆನ್ ಮಾಡಿಟ್ಟಿದ್ದಾನೆ. ಎರಡೂ ಕಡೆಯ ಸದ್ದು ಒಂದೇ ಕಿವಿಯಲ್ಲಿ ಸಿಗುತ್ತದೆ. ಮತ್ತೆ ಬ್ಯಾಟರಿ. ಬಡ್ಸ್ ಚಾರ್ಜ್ ಮುಗಿದರೆ ನಮಗೆ ಹಾಡು ನಿಲ್ಲುತ್ತದೆ, ಅಷ್ಟೇ. ಅವನಿಗೆ ಫೋನಿನ ಪರದೆಯೇ ಆರಿಹೋದ ಹಾಗೆ.

ಅವತ್ತು ಸಂಜೆ ಆ ವರ್ಷ ಕಳಿಸಿದ ಎಲ್ಲ ಫೈಲುಗಳನ್ನೂ ಗಂಡನ ಹಳೇ ಲ್ಯಾಪ್‌ಟಾಪಿಗೆ ಹಾಕಿ, ವೈರ್ ಇಯರ್‌ಫೋನ್ ಚುಚ್ಚಿ ಮೊದಲಿಂದ ಕೇಳಲು ಕೂತೆ. ಎರಡು ವಾರ ಹಿಡಿಯಿತು. ಹನ್ನೊಂದು ಕಡೆ ಅಕ್ಷರ ಹೋಗಿತ್ತು. 'ಅಸಮ' ಹೋಗಿ 'ಸಮ' ಆಗಿದ್ದು ಒಂದು ಕಡೆ. ಅವಕ್ಕೆಲ್ಲ ತಿದ್ದುಪಡಿ ಮಾಡಿ ಪ್ರತಿಯೊಬ್ಬರಿಗೂ ಮತ್ತೆ ಕಳಿಸಿದೆ.

ಮೈಕಿನ ವಿಷಯ ಬೇರೆ ಇತ್ತು. ಬಡ್ಸ್‌ನಲ್ಲೇ ಮೈಕ್ ಇದೆಯಲ್ಲ, ಅದರಲ್ಲೇ ಓದಿದರೆ ಆಗದೇ ಅಂತ ಒಂದು ಪಾಠ ಪ್ರಯತ್ನಿಸಿದ್ದೆ. ಬ್ಲೂಟೂತ್‌ನಲ್ಲಿ ಹಾಡು ಕೇಳುವ ದಾರಿ ಬೇರೆ, ಮಾತಾಡುವ ದಾರಿ ಬೇರೆ. ಮೈಕ್ ಆನ್ ಆದ ಕೂಡಲೇ ಸಾಮಾನ್ಯ ಬಡ್ಸು ಫೋನ್ ಕರೆಯ ದಾರಿಗೆ ಇಳಿಯುತ್ತದೆ. ದನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆದು ಮಾದರಿ ತೆಗೆಯುತ್ತದೆ ಅನ್ನುವುದು ಇಲ್ಲಿ ಮುಖ್ಯ. ಹಳೇ ರೀತಿಯದರಲ್ಲಿ ಸೆಕೆಂಡಿಗೆ 8,000 ಮಾದರಿ, ಸ್ವಲ್ಪ ಉತ್ತಮವಾದದ್ದರಲ್ಲಿ 16,000. 8,000 ಮಾದರಿ ಅಂದರೆ 4,000 ಹರ್ಟ್ಸ್‌ಗಿಂತ ಮೇಲಿನ ಸದ್ದೆಲ್ಲ ಕತ್ತರಿಸಿಹೋಗುತ್ತದೆ. ನಾವು 'ಸ' ಅನ್ನುವಾಗ ಹಲ್ಲಿನ ಸಂದಿಯಿಂದ ಹೊರಡುವ ಆ ಸಣ್ಣ ಸೀಟಿ ಇರುವುದೇ ಅದಕ್ಕಿಂತ ಮೇಲೆ. ಹಾಗಾಗಿ 'ಸ' ಮತ್ತು 'ಶ' ಒಂದರೊಳಗೊಂದು ಕಲಸಿಹೋಗುತ್ತವೆ. ಕಿವಿಯಲ್ಲಿ ಕೇಳಿಯೇ ಕಾಗುಣಿತ ಕಲಿಯುವ ಮಗುವಿಗೆ ಅಂಥ ದನಿ ಕೊಡಲು ನನ್ನ ಮನಸ್ಸು ಒಪ್ಪಲಿಲ್ಲ.

ಫೋನ್ ಬದಲಾಯಿಸಲು ದುಡ್ಡು ಇರಲಿಲ್ಲ. ಸಿ ಪಿನ್ನಿನಿಂದ ಜಾಕಿಗೆ ಹೋಗುವ ಗಿಡ್ಡ ಅಡಾಪ್ಟರ್ ಸಿಗುತ್ತದೆ ಅಂತ ಗೊತ್ತಾಯಿತು. ನೂರು ರೂಪಾಯಿಯದು ತಂದೆ. ಸದ್ದೇ ಇಲ್ಲ. ಅಂಗಡಿಯವರು ಬದಲಿಸಿಕೊಟ್ಟರು, ಅದೂ ಇಲ್ಲ. ಇಲ್ಲಿ ಒಂದು ವಿಷಯ ತಿಳಿದುಕೊಂಡರೆ ನಿಮ್ಮ ದುಡ್ಡು ಉಳಿಯುತ್ತದೆ. ಈ ಅಡಾಪ್ಟರ್‌ಗಳಲ್ಲಿ ಎರಡು ಜಾತಿ, ಹೊರಗಿನಿಂದ ನೋಡಲು ಒಂದೇ ಥರ. ಒಂದರೊಳಗೆ ಬರೀ ವೈರು. ಫೋನೇ ಸಿ ಪಿನ್ ಮೂಲಕ ಸದ್ದನ್ನು ನೇರವಾಗಿ ಕೊಡುವ ಹಾಗಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಇನ್ನೊಂದರೊಳಗೆ ಡ್ಯಾಕ್ ಅನ್ನುವ ಸಣ್ಣ ಚಿಪ್ ಇರುತ್ತದೆ. ಫೋನು ಅಂಕಿಗಳ ರೂಪದಲ್ಲಿ ಕಳಿಸಿದ್ದನ್ನು ಆ ಚಿಪ್ ಸದ್ದು ಮಾಡಿ ಕೊಡುತ್ತದೆ. ಈಗಿನ ಬಹಳಷ್ಟು ಫೋನುಗಳಿಗೆ ಬೇಕಾಗುವುದು ಈ ಎರಡನೆಯದು. ಕೊಳ್ಳುವಾಗ 'ಡ್ಯಾಕ್ ಇದೆಯಾ, ಮೈಕ್ ಸಪೋರ್ಟ್ ಇದೆಯಾ' ಅಂತ ಎರಡೂ ಕೇಳಿ. ಬರೀ ಕೇಳಲು ಮಾತ್ರ ಆಗುವ, ಮೈಕ್ ಹಿಡಿಯದ ಅಡಾಪ್ಟರ್‌ಗಳೂ ಇವೆ.

ಡ್ಯಾಕ್ ಇರುವುದು ತಂದ ಮೇಲೆ ಸದ್ದು ಚೆನ್ನಾಗಿ ಬಂತು. ತಡ ಇಲ್ಲ, ಅಕ್ಷರ ನುಂಗುವುದಿಲ್ಲ. ಯಾರಾದರೂ ಜಾಕ್ ಇಲ್ಲದ ಫೋನ್ ಇಟ್ಟುಕೊಂಡು ಕೇಳಿದರೆ ಈಗಲೂ ಇದನ್ನೇ ಹೇಳುತ್ತೇನೆ. ಆದರೆ ನನಗೆ ಅದು ಪೂರ್ತಿ ಒಗ್ಗಲಿಲ್ಲ. ಚಾರ್ಜ್ ಹಾಕಿಕೊಂಡು ಕೆಲಸ ಮಾಡಲು ಆಗುವುದಿಲ್ಲ, ತೂತು ಒಂದೇ ಅಲ್ವಾ. ದಿನಕ್ಕೆ ಹತ್ತು ಸಲ ಹಾಕಿ ತೆಗೆದು ಚಾರ್ಜಿಂಗ್ ಪಿನ್ನೇ ಸಡಿಲವಾಯಿತು. ಪಾಠದ ಮಧ್ಯೆ ಫೋನ್ ಸ್ವಲ್ಪ ಅಲುಗಿದರೂ ಮೈಕ್ ಕಡಿದು ಫೋನು ತನ್ನ ಒಳಗಿನ ಮೈಕಿಗೆ ಹೋಗುತ್ತಿತ್ತು. ಮತ್ತೆ ಅದೇ ಉಗುರಿನ ಪರೀಕ್ಷೆ, ಪ್ರತಿ ಪುಟಕ್ಕೂ.

ಇಷ್ಟು ಉಪಯೋಗದ ವಸ್ತುವನ್ನು ಯಾಕೆ ತೆಗೆದರು ಅಂತ ಆಗ ಕೂತು ಓದಿದೆ. ಜಾಕಿನ ವಂಶ ತುಂಬ ಹಳೆಯದು. ಹತ್ತೊಂಬತ್ತನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜ್‌ಗಳಲ್ಲಿ ಆಪರೇಟರ್‌ಗಳು ಒಬ್ಬರ ಲೈನಿಗೆ ಇನ್ನೊಬ್ಬರ ಲೈನ್ ಜೋಡಿಸಲು ಚುಚ್ಚುತ್ತಿದ್ದ ಕಾಲಿಂಚಿನ ಪಿನ್ನೇ ಇದರ ಮುತ್ತಜ್ಜ. ಅದನ್ನು ಚಿಕ್ಕದು ಮಾಡಿದ್ದು 3.5 ಮಿಲಿಮೀಟರ್ ಪಿನ್. 1979ರಲ್ಲಿ ಸೋನಿ ವಾಕ್‌ಮನ್ ಬಂದ ಮೇಲೆ ಅದು ಮನೆಮನೆಗೂ ಹೋಯಿತು. 2016ರ ಸೆಪ್ಟೆಂಬರ್‌ನಲ್ಲಿ ಆಪಲ್ ಕಂಪನಿ ಐಫೋನ್ 7ರಿಂದ ಜಾಕ್ ತೆಗೆಯಿತು. ಅದೇ ವರ್ಷ ಜಾಕ್ ಇಲ್ಲದ ಬೇರೆ ಫೋನುಗಳೂ ಬಂದಿದ್ದವು, ಆದರೆ ಗಾಳಿ ಬೀಸಿದ್ದು ಐಫೋನ್ ನಂತರ. 2017ರಲ್ಲಿ ಗೂಗಲ್ ಪಿಕ್ಸೆಲ್ 2, 2018ರಲ್ಲಿ ಒನ್‌ಪ್ಲಸ್ 6ಟಿ, 2019ರಲ್ಲಿ ಸ್ಯಾಮ್‌ಸಂಗ್ ನೋಟ್ 10. ಫೋನಿನೊಳಗೆ ಜಾಗ ಉಳಿಯುತ್ತದೆ, ನೀರು ಒಳಗೆ ಹೋಗುವುದಿಲ್ಲ ಅನ್ನುವುದು ಕೊಟ್ಟ ಕಾರಣ. ಜಾಗದ ಮಾತು ಒಪ್ಪುತ್ತೇನೆ. ನೀರಿನ ಮಾತು ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. 2016ರ ಸ್ಯಾಮ್‌ಸಂಗ್ ಎಸ್7ನಲ್ಲಿ ಜಾಕೂ ಇತ್ತು, ನೀರು ತಡೆಯುವ ಐಪಿ68 ಗುಣವೂ ಇತ್ತು. ಒಮ್ಮೆ ತೆಗೆದವರು ವಾಪಸ್ ತಂದದ್ದೂ ಉಂಟು. ಸೋನಿ 2020ರಲ್ಲಿ ಎಕ್ಸ್‌ಪೀರಿಯಾ 1 ಮಾರ್ಕ್ 2ರಲ್ಲಿ, ಒನ್‌ಪ್ಲಸ್ 2021ರಲ್ಲಿ ನಾರ್ಡ್ ಸಿಇಯಲ್ಲಿ ಜಾಕ್ ಹಾಕಿದವು.

2022ರಲ್ಲಿ ಮತ್ತೆ ಫೋನ್ ತಗೊಂಡಾಗ ಜಾಕ್ ನೋಡಿಯೇ ತಗೊಂಡೆ. ಹುಡುಕುವುದು ಕಷ್ಟವೇನಲ್ಲ. ಜಿಎಸ್‌ಎಂ ಅರೆನಾ ವೆಬ್‌ಸೈಟಿನಲ್ಲಿ ಯಾವ ಫೋನಿನ ವಿವರ ತೆಗೆದರೂ ಸೌಂಡ್ ಅನ್ನುವ ಕಡೆ 3.5 ಎಂಎಂ ಜಾಕ್ ಇದೆಯೋ ಇಲ್ಲವೋ ಅಂತ ಬರೆದಿರುತ್ತದೆ. ದುಬಾರಿ ಫೋನುಗಳಲ್ಲಿ ಕಷ್ಟ, ಕಡಿಮೆ ಮತ್ತು ನಡು ಬೆಲೆಯವುಗಳಲ್ಲಿ ಹುಡುಕಿದರೆ ಸಿಗುತ್ತದೆ. ಆನ್‌ಲೈನ್‌ನಲ್ಲಿ ಬರೆದದ್ದನ್ನು ಮಾತ್ರ ನಂಬದೆ ಅಂಗಡಿಗೆ ನನ್ನ ಬೋಯಾ ಮೈಕನ್ನೇ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿದ್ದೆ. ಡೆಮೊ ಫೋನಿಗೆ ಚುಚ್ಚಿ, ಉಗುರಿನಿಂದ ಗೀರಿ, ರೆಕಾರ್ಡ್ ಮಾಡಿ ಕೇಳಿದ ಮೇಲೆಯೇ ದುಡ್ಡು ಕೊಟ್ಟೆ.

ಆ ಫೋನಿನಿಂದ ಇನ್ನೊಂದು ಒಳ್ಳೆಯದಾಯಿತು. ಅದರಲ್ಲಿ ಎಫ್‌ಎಂ ರೇಡಿಯೋ ಇತ್ತು. ನಮ್ಮ ಅಮ್ಮನಿಗೆ ಮೈಸೂರು ಆಕಾಶವಾಣಿ ಇಲ್ಲದೆ ಬೆಳಗಾಗುವುದಿಲ್ಲ. 'ಆಕಾಶವಾಣಿ' ಅನ್ನುವ ಹೆಸರು ಹುಟ್ಟಿದ್ದೇ ನಮ್ಮ ಊರಿನಲ್ಲಿ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದ್ದರು. ಅಮ್ಮನ ಹಳೇ ಟ್ರಾನ್ಸಿಸ್ಟರ್ ಕೆಟ್ಟಾಗ ನಾನು ಆಪ್‌ನಲ್ಲಿ ಹಾಕಿಕೊಟ್ಟಿದ್ದೆ. ನೆಟ್ ನಿಂತರೆ ರೇಡಿಯೋ ನಿಲ್ಲುತ್ತಿತ್ತು. "ಇದೇನೇ, ರೇಡಿಯೋಗೂ ರೀಚಾರ್ಜಾ?" ಅಂತ ಕೇಳುತ್ತಿದ್ದರು. ಈಗ ಆ ಫೋನಿಗೆ ಇಯರ್‌ಫೋನ್ ಚುಚ್ಚಿ 100.6 ಹಾಕಿದರೆ ನೆಟ್ ಬೇಡ, ಡೇಟಾ ಬೇಡ. ಚಿಂತನ, ಪ್ರದೇಶ ಸಮಾಚಾರ ಎಲ್ಲ ಸ್ಪಷ್ಟವಾಗಿ ಬರುತ್ತದೆ. ಇಲ್ಲಿ ಇಯರ್‌ಫೋನಿನ ವೈರೇ ಏರಿಯಲ್. ಎಫ್‌ಎಂ ಅಲೆಯ ಉದ್ದ ಸುಮಾರು 3 ಮೀಟರ್. ಅದನ್ನು ಹಿಡಿಯಲು ಮುಕ್ಕಾಲು ಮೀಟರಿಗಿಂತ ಕಡಿಮೆ ಇಲ್ಲದ ವೈರು ಇದ್ದರೆ ಚೆನ್ನ, ಇಯರ್‌ಫೋನ್ ವೈರು ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ. ಅಮ್ಮ ಕಿವಿಗೆ ಹಾಕಿಕೊಳ್ಳುವುದಿಲ್ಲ. ಸ್ಪೀಕರ್ ಆನ್ ಮಾಡಿ, ವೈರನ್ನು ಕಿಟಕಿ ಸರಳಿಗೆ ಸಿಕ್ಕಿಸಿ, ಹೂ ಕಟ್ಟುತ್ತಾ ಕೂರುತ್ತಾರೆ. 2023ರ ಏಪ್ರಿಲ್‌ನಲ್ಲಿ ಕೇಂದ್ರದ ಐಟಿ ಸಚಿವಾಲಯ ಫೋನ್ ತಯಾರಕರಿಗೆ ಒಂದು ಸಲಹೆ ಕಳಿಸಿತು. ಎಫ್‌ಎಂ ಇರುವ ಫೋನುಗಳಲ್ಲಿ ಅದನ್ನು ಆಫ್ ಮಾಡಿಡಬೇಡಿ, ನೆರೆ, ಚಂಡಮಾರುತದ ಹೊತ್ತಿನಲ್ಲಿ ಜನರಿಗೆ ಸುದ್ದಿ ತಲುಪಿಸಲು ಬೇಕಾಗುತ್ತದೆ ಅಂತ. ಆ ಸುದ್ದಿ ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಅಮ್ಮನ ಕಿಟಕಿಯ ಆ ವೈರು.

ಈಗ ವೈರಿನ ದೊಡ್ಡ ತೊಂದರೆ. ಅದು ಕಡಿಯುತ್ತದೆ. ಅದೂ ಯಾವಾಗಲೂ ಒಂದೇ ಜಾಗದಲ್ಲಿ, ಪಿನ್ನಿನ ಬುಡದಲ್ಲಿ. ಫೋನಿಗೆ ಸುತ್ತಿ ಜೇಬಿಗೆ ತುರುಕಿದರೆ ಅಲ್ಲೇ ಮಡಚಿ ಮಡಚಿ ಒಳಗಿನ ಎಳೆ ತುಂಡಾಗುತ್ತದೆ. ಒಂದು ಕಿವಿ ಹೋದ ಕೂಡಲೇ ನಾವು ಎಸೆಯುತ್ತೇವೆ. ಇಯರ್‌ಫೋನಿನ ಕಿವಿ ಎರಡೂ ಚೆನ್ನಾಗೇ ಇರುತ್ತವೆ ಅಂತ ಗೊತ್ತಾದ ಮೇಲೆ ನಾನು ರಿಪೇರಿ ಕಲಿತೆ. ಮಕ್ಕಳು ಕೆಟ್ಟದ್ದನ್ನು ನನಗೆ ಕಳಿಸುತ್ತಾರೆ, ಸರಿ ಮಾಡಿ ವಾಪಸ್ ಕೊಡುತ್ತೇನೆ.

ಬೇಕಾಗುವುದು 25 ವ್ಯಾಟಿನ ಸೋಲ್ಡರಿಂಗ್ ಐರನ್, ಸ್ವಲ್ಪ ಸೋಲ್ಡರ್, ಹೊಸ ಪಿನ್. ಪಿನ್ನು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ, ನಮ್ಮೂರಿನ ರೇಡಿಯೋ ರಿಪೇರಿ ಅಂಗಡಿಯವರೂ ತರಿಸಿಕೊಡುತ್ತಾರೆ. ಮೂರು ಗೆರೆಯದೇ ಬೇಕು ಅಂತ ಹೇಳಿ ತಗೊಳ್ಳಿ. ಹಳೇ ಪಿನ್ನಿನಿಂದ ಎರಡು ಇಂಚು ಬಿಟ್ಟು ವೈರು ಕತ್ತರಿಸಿ. ಹೊಸ ಪಿನ್ನಿನ ಮುಚ್ಚಳವನ್ನು ಮೊದಲೇ ವೈರಿಗೆ ಪೋಣಿಸಿಕೊಳ್ಳಿ. ಇದನ್ನು ಮರೆತರೆ ಬೆಸುಗೆ ಎಲ್ಲ ಮುಗಿದ ಮೇಲೆ ಬಿಚ್ಚಿ ಮತ್ತೆ ಮಾಡಬೇಕು. ಮೇಲಿನ ರಬ್ಬರ್ ಬಿಡಿಸಿದರೆ ಒಳಗೆ ಕೂದಲೆಳೆಯಂಥ ನಾಲ್ಕು ಬಣ್ಣದ ವೈರು ಕಾಣುತ್ತದೆ. ಸಾಮಾನ್ಯವಾಗಿ ಕೆಂಪು ಬಲಕ್ಕೆ, ಹಸಿರು ಅಥವಾ ನೀಲಿ ಎಡಕ್ಕೆ, ತಾಮ್ರದ ಬಣ್ಣದ್ದು ಗ್ರೌಂಡಿಗೆ, ಉಳಿದದ್ದು ಮೈಕಿಗೆ. ಆದರೆ ಕಂಪನಿಯಿಂದ ಕಂಪನಿಗೆ ಬಣ್ಣ ಬದಲಾಗುತ್ತದೆ, ಮಲ್ಟಿಮೀಟರ್ ಹಿಡಿದು ನೋಡಿಕೊಳ್ಳುವುದು ಒಳ್ಳೆಯದು.

ಮೊದಲ ಸಲ ನಾನು ನೇರವಾಗಿ ಬೆಸುಗೆ ಹಾಕಲು ಹೋದೆ. ಸೋಲ್ಡರ್ ಕೂರಲೇ ಇಲ್ಲ, ಗುಂಡಗಾಗಿ ಜಾರಿ ಬೀಳುತ್ತಿತ್ತು. ಆ ಬಣ್ಣವೇ ಒಂದು ಲೇಪ, ಅದು ಕರೆಂಟನ್ನು ತಡೆಯುತ್ತದೆ ಅಂತ ಆಮೇಲೆ ತಿಳಿಯಿತು. ಅದು ಸುಟ್ಟುಹೋಗಬೇಕು. ಐರನ್ನಿನ ತುದಿಯಲ್ಲಿ ಸೋಲ್ಡರಿನ ಒಂದು ಹನಿ ನಿಲ್ಲಿಸಿ, ವೈರಿನ ತುದಿಯನ್ನು ಆ ಹನಿಯಲ್ಲಿ ಮೂರು ನಾಲ್ಕು ಸೆಕೆಂಡ್ ಅದ್ದಿ ಹಿಡಿಯಿರಿ. ಸಣ್ಣಗೆ ಹೊಗೆ ಬರುತ್ತದೆ, ಬಣ್ಣ ಕಪ್ಪಾಗಿ ಹೋಗಿ ವೈರಿನ ತುದಿ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಹಾಗೆ ಹೊಳೆದ ಮೇಲೆ ಬೆಸುಗೆ ಒಂದೇ ಸಲಕ್ಕೆ ಕೂರುತ್ತದೆ. ಕಿಟಕಿ ತೆಗೆದಿಟ್ಟು ಮಾಡಿ, ಆ ಹೊಗೆ ಒಳ್ಳೆಯದಲ್ಲ.

ಪರೀಕ್ಷೆ ಮಾಡಲು ನಾನು ಮೊದಲು ಒಂದು ಸಿನಿಮಾ ಹಾಡು ಹಾಕುತ್ತೇನೆ. ವಾದ್ಯಗಳು ಕೇಳಿಸಿ ಹಾಡುವವರ ದನಿ ಮಾತ್ರ ಎಲ್ಲೋ ಬಾವಿಯೊಳಗೆ ಹೋದ ಹಾಗಿದ್ದರೆ ಗ್ರೌಂಡ್ ಕೂತಿಲ್ಲ ಅಂತ ಅರ್ಥ. ಹಾಡುವವರ ದನಿ ಎಡಕ್ಕೂ ಬಲಕ್ಕೂ ಒಂದೇ ಸಮ ಇರುತ್ತದೆ. ಗ್ರೌಂಡ್ ಇಲ್ಲದಾಗ ಎರಡೂ ಕಡೆ ಒಂದೇ ಆಗಿರುವುದು ಒಂದಕ್ಕೊಂದು ಕಳೆದುಹೋಗಿ, ಬೇರೆ ಬೇರೆ ಇರುವುದು ಮಾತ್ರ ಕೇಳುತ್ತದೆ. ಒಮ್ಮೆ ಹಾಡು ಹಾಕದೆ ನನ್ನ ಪಾಠವನ್ನೇ ಹಾಕಿದ್ದೆ, ಏನೂ ಕೇಳಲಿಲ್ಲ. ಇಯರ್‌ಫೋನ್ ಸತ್ತೇ ಹೋಗಿದೆ ಅಂದುಕೊಂಡೆ. ನನ್ನ ರೆಕಾರ್ಡಿಂಗ್ ಮೊನೊ, ಎರಡೂ ಕಡೆ ಪೂರ್ತಿ ಒಂದೇ, ಹಾಗಾಗಿ ಪೂರ್ತಿ ಕಳೆದುಹೋಗಿತ್ತು. ಗ್ರೌಂಡ್ ವೈರು ಮತ್ತೆ ಅದ್ದಿ ಹಚ್ಚಿದ ಕೂಡಲೇ ನನ್ನ ದನಿ ಎದ್ದು ಬಂತು.

ಫೋನಿನ ಕಡೆಯ ತೊಂದರೆಗೆ ಒಂದೇ ಮಾತು. ಪಿನ್ ಪೂರ್ತಿ ಒಳಗೆ ಹೋಗುತ್ತಿಲ್ಲ, ಅಲುಗಿಸಿದರೆ ಗೊರಗೊರ ಅನ್ನುತ್ತದೆ ಅಂದರೆ ಹೆಚ್ಚಿನ ಸಲ ಒಳಗೆ ಜೇಬಿನ ನೂಲು ತುಂಬಿರುತ್ತದೆ. ಫೋನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಮೆತ್ತಗೆ ಕೆದಕಿ ತೆಗೆಯಿರಿ. ಸೇಫ್ಟಿ ಪಿನ್ ಮಾತ್ರ ಹಾಕಬೇಡಿ, ಒಳಗಿನ ಸ್ಪ್ರಿಂಗ್ ಬಗ್ಗಿಹೋಗುತ್ತದೆ.

ಬಡ್ಸ್ ನಾನು ಬಿಟ್ಟಿಲ್ಲ. ವಾಕಿಂಗ್, ಅಡುಗೆ, ಅಕ್ಕನ ಜೊತೆ ಒಂದು ಗಂಟೆ ಫೋನಿನಲ್ಲಿ ಮಾತು, ಇದಕ್ಕೆಲ್ಲ ಅದೇ ಹಿತ. ನಮ್ಮ ಮನೆಯವರು ಸ್ಕೂಟರ್ ಸರ್ವಿಸ್ ಅಂಗಡಿ ನಡೆಸುತ್ತಾರೆ, ಅವರಿಗೆ ವೈರು ಅಪಾಯ, ಚಕ್ರಕ್ಕೆ ಸಿಕ್ಕಿಕೊಂಡರೆ ಕಷ್ಟ. ಆದರೆ ಓದುವುದು, ಕೇಳುವುದು, ಕಟ್ ಮಾಡುವುದು ಈ ಮೂರನ್ನೂ ವೈರಿನಲ್ಲೇ ಮಾಡುತ್ತೇನೆ. ಒಂದು ಪಾಠವನ್ನೂ ಬ್ಲೂಟೂತ್‌ನಲ್ಲಿ ಕೇಳಿ ಕಳಿಸುವುದಿಲ್ಲ.

ನೋಟ್ಸು ಅಳಿಸಿಕೊಂಡಿದ್ದ ಆ ಹುಡುಗ ಈಗ ಇಲ್ಲೇ ಮೈಸೂರಿನಲ್ಲಿ ಡಿಗ್ರಿ ಓದುತ್ತಿದ್ದಾನೆ. ಹೋದ ತಿಂಗಳು ಅವನ ಫೋನ್ ಹಾಳಾಗಿ ಹೊಸದು ತಗೊಳ್ಳಲು ದೇವರಾಜ ಅರಸು ರಸ್ತೆಗೆ ಇಬ್ಬರೂ ಹೋಗಿದ್ದೆವು. ಅಂಗಡಿಯವರು ಒಂದಾದ ಮೇಲೊಂದು ಫೋನ್ ಅವನ ಕೈಗೆ ಕೊಟ್ಟರು. ಅವನು ಕ್ಯಾಮೆರಾ ಕೇಳಲಿಲ್ಲ, ಬಣ್ಣ ಕೇಳಲಿಲ್ಲ. ಹೆಬ್ಬೆರಳಿನಿಂದ ಮೇಲಂಚು, ಕೆಳಂಚು ಸವರಿ ನೋಡಿ, ಒಂದೊಂದನ್ನೇ ವಾಪಸ್ ಇಡುತ್ತಾ ಹೋದ. ಐದನೆಯದರ ಕೆಳಂಚಿನಲ್ಲಿ ಬೆರಳು ನಿಂತಿತು. ಜೇಬಿನಿಂದ ನಾನು ರಿಪೇರಿ ಮಾಡಿಕೊಟ್ಟಿದ್ದ ಇಯರ್‌ಫೋನ್ ತೆಗೆದು ಚುಚ್ಚಿದ. ಭಾಷೆ ಕನ್ನಡಕ್ಕೆ ಹಾಕಿಸಿ, ಟಾಕ್‌ಬ್ಯಾಕ್ ಆನ್ ಮಾಡಿಸಿ, ಹೊಸ ಕಾಂಟ್ಯಾಕ್ಟ್ ತೆರೆದು ಏನೋ ಟೈಪ್ ಮಾಡಿದ. ಆಮೇಲೆ ಬೆರಳು ತೆಗೆದು ಸುಮ್ಮನೆ ನಿಂತ. ಅಂಗಡಿಯವರು ಏನಾಯಿತು ಅಂತ ನನ್ನ ಮುಖ ನೋಡಿದರು. ಫೋನು ಮಾತು ನಿಲ್ಲಿಸಿ ಪೂರ್ತಿ ಸುಮ್ಮನಾಗಲಿ ಅಂತ ಅವನು ಕಾಯುತ್ತಿದ್ದಾನೆ ಅಂತ ನನಗೆ ಗೊತ್ತಿತ್ತು. ಅರ್ಧ ನಿಮಿಷ ಬಿಟ್ಟು ಮೇಲಿನ ಮೂಲೆಗೆ ಬೆರಳು ಇಟ್ಟ. ಇಯರ್‌ಫೋನಿನ ಒಂದು ಕಿವಿಯನ್ನು ನನ್ನ ಕಡೆ ಚಾಚಿದ. ಹಾಕಿಕೊಂಡೆ. ಇನ್ನೊಮ್ಮೆ ಮುಟ್ಟಿದ.

"ಉಳಿಸಿ."

"ಇದೇ ಇರ್ಲಿ ಮಿಸ್" ಅಂದ.